ಎರಡು ಹೆಸರಿಗೆ ಒಂದೇ ವಿಳಾಸ

ಆರ್‌ಪಿಸಿ ಲೇಔಟಿನ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಕುಸುಮಾ ಮೇಡಂ ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಇನ್‌ಸ್ಟ್ರಕ್ಟರ್. ಮೂಡಲಪಾಳ್ಯದಿಂದ ನಡೆದುಕೊಂಡೇ ಬಂದರೂ ಎಲ್ಲರಿಗಿಂತ ಮೊದಲು ಬಂದಿರುತ್ತಾರೆ. ಕಂಪ್ಯೂಟರ್ ಕೆಟ್ಟರೆ ಅವರು ಬೇಕು, ಸಿ ಪ್ರೋಗ್ರಾಮ್ ಓಡದಿದ್ದರೆ ಅವರು ಬೇಕು. ಥಿಯರಿ ಕ್ಲಾಸಿಗೆ ಮಾತ್ರ ನಿನ್ನೆ ಮೊನ್ನೆ ಬಂದ ನನ್ನಂಥ ಲೆಕ್ಚರರ್ ಬೇಕು. ಇದು ಯಾವ ಸೀಮೆ ನ್ಯಾಯವೋ ನನಗಂತೂ ತಿಳಿಯದು. ಆದರೂ ಐದು ವರ್ಷ ಸುಮ್ಮನೆ ಅದರ ಸುಖ ಅನುಭವಿಸಿದೆ.

ಕಳೆದ ಆಗಸ್ಟಿನಲ್ಲಿ ನೆಟ್‌ವರ್ಕ್ ಪಾಠಕ್ಕೆ ಯಾರೂ ಇಲ್ಲದಾಗ ಮೇಡಂ ತಾವೇ ಹೋಗಿ ಕೇಳಿಕೊಂಡರು. ಒಂದು ಕ್ಲಾಸ್ ಮಾಡಿ ತೋರಿಸಿ, ಒಪ್ಪಿಗೆಯಾದರೆ ಪಾಠ ನಿಮ್ಮದು, ಇಲ್ಲದಿದ್ದರೆ ಹೊರಗಿನವರನ್ನು ಕರೆಸುತ್ತೇನೆ ಎಂದರು ಪ್ರಿನ್ಸಿಪಾಲ್ ಗಿರಿರಾಜ್. ಆ ದಿನ ಮೇಡಂ ಮಗಳ ಆರತಕ್ಷತೆಗೆ ಉಟ್ಟಿದ್ದ ಸೀರೆ ಉಟ್ಟು ಬಂದರು. ಪ್ರಿನ್ಸಿಪಾಲರೂ ನಾನೂ ಮಕ್ಕಳ ಜೊತೆ ಕೂತೆವು.

ಪಾಠ ಗೆಟ್‌ಹೋಸ್ಟ್‌ಬೈನೇಮ್ ಎಂಬ ಫಂಕ್ಷನ್ನಿನದು. ಕಂಪ್ಯೂಟರಿನ ಹೆಸರು ಕೊಟ್ಟರೆ ಅದು ಅಂಕಿಯ ವಿಳಾಸ ಹುಡುಕಿಕೊಡುತ್ತದೆ. ಮೇಡಂ ಸೊಗಸಾಗಿ ಹೇಳಿ, ಲ್ಯಾಬ್ ಮ್ಯಾನ್ಯುಯಲ್ಲಿನ ಪ್ರೋಗ್ರಾಮ್ ಓಡಿಸಿದರು. ಅದು ಮೊದಲು ಎರಡು ಹೆಸರು ಹುಡುಕಿ, ಆಮೇಲೆ ಎರಡೂ ವಿಳಾಸ ತೋರಿಸಬೇಕು. ಮಕ್ಕಳು ಒಂದು ಬ್ಯಾಂಕಿನ ಹೆಸರು, ಒಂದು ಪತ್ರಿಕೆಯ ಹೆಸರು ಕೊಟ್ಟರು. ಎರಡಕ್ಕೂ ಒಂದೇ ವಿಳಾಸ ಬಂತು. ಮತ್ತೆ ಓಡಿಸಿದರೂ ಅದೇ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸತೊಡಗಿದರು.

ನಾನು ಎದ್ದು, ನೆಟ್‌ವರ್ಕ್ ಸರಿಯಿಲ್ಲ, ಇನ್ನೊಂದು ದಿನ ಇಟ್ಟುಕೊಳ್ಳೋಣ ಎಂದೆ. ನಮ್ಮಲ್ಲಿ ಎಲ್ಲರ ತಪ್ಪನ್ನೂ ಹೊರುವುದು ಪಾಪ ಆ ನೆಟ್‌ವರ್ಕೇ.

"ನೆಟ್‌ವರ್ಕ್ ಸರಿಯಾಗೇ ಇದೆ ಸುಘೋಷ್ ಸಾರ್," ಎಂದರು ಮೇಡಂ. "ತಪ್ಪು ನಂದು. ಬೇರೆ ಬೇರೆ ಹೆಸರು ಕೊಟ್ಟು ನೋಡ್ದೇನೇ ತಂದ್ಬಿಟ್ಟೆ."

ಆಮೇಲೆ ಬೋರ್ಡಿನ ಮೇಲೆ ಒಂದೇ ಒಂದು ಚೌಕ ಬರೆದರು. ಈ ಫಂಕ್ಷನ್ ಉತ್ತರವನ್ನು ತನ್ನದೇ ಒಂದು ಜಾಗದಲ್ಲಿ ಬರೆದು, ಆ ಜಾಗ ತೋರಿಸುತ್ತದೆ ಅಷ್ಟೇ. ಎರಡನೇ ಸಲ ಕರೆದರೆ ಮೊದಲಿನದನ್ನು ಅಳಿಸಿ ಅಲ್ಲೇ ಬರೆಯುತ್ತದೆ. ಮೊದಲ ಉತ್ತರವನ್ನು ನಾವು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬೇಕಿತ್ತು. ಅದಕ್ಕೇ ಈಗಿನವರು ಬಳಸುವ ಹೊಸ ಫಂಕ್ಷನ್ ಗೆಟ್‌ಅಡ್ರ್‌ಇನ್ಫೋ ಪ್ರತಿ ಸಲವೂ ಬೇರೆ ಜಾಗ ಕೊಡುತ್ತದೆ, ಕೆಲಸವಾದ ಮೇಲೆ ಅದನ್ನು ಬಿಟ್ಟುಕೊಡುವ ಹೊಣೆ ನಮ್ಮದು. ಇಷ್ಟು ಹೇಳಿ, ನಕಲು ಮಾಡುವ ಎರಡು ಸಾಲು ಸೇರಿಸಿ ಓಡಿಸಿದರು. ವಿಳಾಸ ಎರಡು ಬಂದವು. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಸೋಮವಾರದಿಂದ ನೀವೇ ತಗೊಳ್ಳಿ ಎಂದು ಪ್ರಿನ್ಸಿಪಾಲರು ಅಲ್ಲೇ ಹೇಳಿಬಿಟ್ಟರು. ನನಗಾದ ಖುಷಿ ಅಷ್ಟಿಷ್ಟಲ್ಲ.

ಸ್ಟಾಫ್ ರೂಮಿಗೆ ಬಂದು ಮ್ಯಾನ್ಯುಯಲ್ ತೆರೆದೆ. ಐದು ವರ್ಷದ ಹಿಂದೆ ಆ ಪ್ರೋಗ್ರಾಮ್ ಬರೆದವನು ನಾನೇ. ನಾನು ಕೊಟ್ಟಿದ್ದ ಎರಡೂ ಹೆಸರು ಕಾಲೇಜಿನ ಒಂದೇ ಸರ್ವರಿನವು. ಹಾಗಾಗಿ ಒಂದೇ ವಿಳಾಸ ಬಂದಾಗಲೆಲ್ಲ ಸರಿ ಎಂದು ಮಾರ್ಕ್ಸ್ ಹಾಕುತ್ತಾ ಬಂದಿದ್ದೆ. ಹಿಂದಿನ ವರ್ಷದ ಪ್ರೋಗ್ರಾಮನ್ನು ಹಾಗೇ ಇಳಿಸಿಕೊಳ್ಳುವುದು ನಮ್ಮ ಲ್ಯಾಬಿನ ಪದ್ಧತಿ, ಯಾರೂ ಕೇಳಿರಲಿಲ್ಲ. ಮ್ಯಾನ್ಯುಯಲ್ ಹಿಡಿದು ಮೇಡಂ ಬಳಿ ಹೋದೆ. ಪ್ರಿನ್ಸಿಪಾಲರ ಮುಂದೆ ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಮೇಡಮ್ಮನ್ನು ಕೇಳಿದೆ.

ಅವರು ಊಟದ ಡಬ್ಬಿ ತೆಗೆಯುತ್ತಾ ನಕ್ಕರು.

"ಕ್ಲಾಸ್ ನಂದಲ್ವಾ ಸಾರ್."