ದೇವದುರ್ಗದಿಂದ ಉತ್ತರ ಬರದ ಮಧ್ಯಾಹ್ನ

ನಾನು ರಾಯಚೂರಿನ ಒಂದು ಸಣ್ಣ ಆಫೀಸಿನಲ್ಲಿ ವೆಬ್‌ಸೈಟ್ ಮಾಡುವ ಕೆಲಸಕ್ಕಿದ್ದೇನೆ. ಅಪ್ಪ ಮತ್ತು ಅಣ್ಣ ದೇವದುರ್ಗದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕುರಿ ಕಾಯುತ್ತಾರೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ವೆಬ್ ಕೋಡಿನಲ್ಲಿ ಬರುವ ಪ್ರಾಮಿಸ್ ಅನ್ನುವುದು ತಲೆಗೆ ಹತ್ತಲೇ ಇಲ್ಲ. ಹತ್ತಿಸಿದವರು ಪಕ್ಕದ ಕುರ್ಚಿಯ ಸಿರವಾರದ ಅಕ್ಕ.

ವೆಬ್ ಪುಟವೊಂದು ದೂರದ ಕಂಪ್ಯೂಟರಿಗೆ ಏನಾದರೂ ಕೇಳಿದರೆ ಉತ್ತರ ತಕ್ಷಣ ಬರುವುದಿಲ್ಲ. ಸದ್ಯಕ್ಕೆ ಕೈಗೆ ಸಿಗುವುದು ಒಂದು ಮಾತು ಮಾತ್ರ: ಉತ್ತರ ಬಂದರೆ ಹೇಳುತ್ತೇನೆ, ಕೆಟ್ಟರೂ ಹೇಳುತ್ತೇನೆ. ಅದೇ ಪ್ರಾಮಿಸ್. ಅಲ್ಲಿಯವರೆಗೆ ಬ್ರೌಸರ್ ಕೈಕಟ್ಟಿ ಕೂಡುವುದಿಲ್ಲ. ಬೇರೆ ಕೆಲಸ ಮಾಡುತ್ತಾ, ಏನಾದರೂ ಬಂತೇ ಎಂದು ಮತ್ತೆ ಮತ್ತೆ ಸುತ್ತಿ ನೋಡುತ್ತಿರುತ್ತದೆ. ಹೀಗೆ ಸುತ್ತುವುದಕ್ಕೆ ಇವೆಂಟ್ ಲೂಪ್ ಎನ್ನುತ್ತಾರೆ. ಇಷ್ಟು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು. ತಿಳಿದ ಮೇಲೆ ಎಲ್ಲವೂ ಬಂತು ಅನ್ನಿಸಿತು.

ಆ ಹುರುಪಿನಲ್ಲೇ ರಕ್ತದಾನಿಗಳ ಬಳಗವೊಂದಕ್ಕೆ ಪುಟ ಮಾಡಿಕೊಟ್ಟೆ. ಬಳಗದವರು ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ದಾನಿಗಳ ಪಟ್ಟಿ ಇಟ್ಟುಕೊಂಡಿದ್ದರು. ನನ್ನ ಪುಟದಲ್ಲಿ ರಕ್ತದ ಗುಂಪು ಆರಿಸಿ ಬಟನ್ ಒತ್ತಿದರೆ ಮೂರೂ ಕಡೆಗೆ ಒಟ್ಟಿಗೆ ಪ್ರಶ್ನೆ ಹೋಗುತ್ತಿತ್ತು. ಮೂರೂ ಉತ್ತರ ಬಂದ ಮೇಲೆಯೇ ತೋರಿಸು ಎಂದು ಬರೆದಿದ್ದೆ. ಒಂದರ ಕೆಳಗೊಂದು ಊರು ಸಾಲಾಗಿ ಬಂದು ನಿಲ್ಲುವುದು ನೋಡಲು ಚೆಂದವಿತ್ತು.

ಪುಟ ಮಾಡಿಕೊಟ್ಟು ಎರಡು ತಿಂಗಳಾಗಿರಬೇಕು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅಣ್ಣನ ಫೋನ್ ಬಂತು. ಅತ್ತಿಗೆಗೆ ದಿನ ತುಂಬಿದ್ದವು, ಬೆಳಿಗ್ಗೆಯೇ ದೇವದುರ್ಗದ ಆಸ್ಪತ್ರೆಗೆ ಕರೆದೊಯ್ದಿದ್ದರು.

"ತಂಗಿ, ರಾಯಚೂರಿಗೆ ಒಯ್ರಿ ಅಂದಾರ. ಆಂಬ್ಯುಲೆನ್ಸ್ ಹತ್ತಾಕತ್ತೀವಿ. ರಕ್ತ ಭಾಳ ಕಡಿಮಿ ಅದಂತ. ಓ ನೆಗೆಟಿವ್ ಅಂತ, ಸಿಗಂಗಿಲ್ಲ ಅಂತಾರ."

ಅಣ್ಣನ ದನಿ ಅಷ್ಟು ಸಣ್ಣದಾಗಿ ನಾನು ಎಂದೂ ಕೇಳಿರಲಿಲ್ಲ. "ನೀ ಬಾ ಯಣ್ಣಾ, ನಾ ನೋಡ್ತೀನಿ" ಅಂದೆ.

ಅವರು ಬರಬೇಕಿದ್ದ ರಾಯಚೂರಿನ ಆಸ್ಪತ್ರೆಗೆ ಅಕ್ಕ ಫೋನ್ ಮಾಡಿದರು. ಆ ಗುಂಪಿನದು ಒಂದೇ ಬಾಟಲಿ ಇದೆ, ಇನ್ನೊಂದಕ್ಕೆ ದಾನಿಯನ್ನು ಹುಡುಕಿ ಎಂದರು. ನಾನು ನನ್ನದೇ ಪುಟ ತೆಗೆದು ಬಟನ್ ಒತ್ತಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಇನ್ನೊಮ್ಮೆ ಒತ್ತಿದೆ. ಪುಟ ಸತ್ತಿರಲಿಲ್ಲ, ಮೇಲೆ ಕೆಳಗೆ ಸರಿಯುತ್ತಿತ್ತು, ಬೇರೆ ಗುಂಪು ಆರಿಸಿದರೆ ಆರಿಸಿಕೊಳ್ಳುತ್ತಿತ್ತು. ಉತ್ತರವೊಂದು ಮಾತ್ರ ಇಲ್ಲ. ಸ್ಕ್ರೀನನ್ನು ಅಕ್ಕನ ಕಡೆ ತಿರುಗಿಸಿದೆ.

"ಮೂರರಾಗ ಯಾವುದು ಉತ್ತರ ಕೊಟ್ಟಿಲ್ಲ, ಮೊದಲು ಅದನ್ನ ನೋಡು" ಅಂದರು ಅಕ್ಕ.

ನೋಡಿದೆ. ರಾಯಚೂರು ಉತ್ತರ ಕೊಟ್ಟಿತ್ತು, ಅಲ್ಲಿ ಯಾರೂ ಇರಲಿಲ್ಲ. ಮಾನ್ವಿಯೂ ಒಂದು ಕ್ಷಣದೊಳಗೆ ಉತ್ತರ ಕೊಟ್ಟಿತ್ತು. ದೇವದುರ್ಗದ ಕಂಪ್ಯೂಟರ್ ಮಾತ್ರ ಬಂತು ಅನ್ನುತ್ತಿರಲಿಲ್ಲ, ಕೆಟ್ಟಿತು ಅಂತಲೂ ಅನ್ನುತ್ತಿರಲಿಲ್ಲ. ಅದೊಂದಕ್ಕಾಗಿ ನನ್ನ ಪುಟ ಮಾನ್ವಿಯ ಹೆಸರನ್ನು ಒಳಗೇ ಹಿಡಿದುಕೊಂಡು ಕೂತಿತ್ತು. ಮೂರೂ ಬರಲಿ ಎಂದು ಅದಕ್ಕೆ ಹೇಳಿಕೊಟ್ಟವಳು ನಾನೇ.

ಮಾನ್ವಿಯ ಉತ್ತರವನ್ನು ನೇರವಾಗಿ ತೆರೆದು ಓದಿದೆ. ಒಂದೇ ಹೆಸರಿತ್ತು, ಹೊಲಿಗೆ ಅಂಗಡಿಯ ಹೆಣ್ಣುಮಗಳು. ಫೋನ್ ಮಾಡಿ ರಕ್ತ ಬೇಕು ಅಂದೆ, ಹಿಂದೆ ಮಷೀನಿನ ಸದ್ದು ಕೇಳುತ್ತಿತ್ತು.

"ಯಾರಿಗ್ರೀ?" ಕೇಳಿದರು.

"ನಮ್ಮ ಅತ್ತಿಗಿಗ್ರೀ. ಹೆರಿಗಿ ಅದ, ರಾಯಚೂರಿನ ದವಾಖಾನ್ಯಾಗ."

ಮಷೀನು ನಿಂತಿತು. "ನಮ್ಮ ಮನಿಯವರು ಬಂದ ಕೂಡ್ಲೆ ಗಾಡಿ ಮ್ಯಾಲೆ ಹೊಂಡ್ತೀನಿ. ಚಿಂತಿ ಮಾಡಬ್ಯಾಡ್ರಿ."

ಫೋನ್ ಇಟ್ಟು ಆಸ್ಪತ್ರೆಗೆ ಓಡಲು ಎದ್ದೆ. ಅಕ್ಕ ಕೈಹಿಡಿದು ಕೂರಿಸಿದರು. "ಆಂಬ್ಯುಲೆನ್ಸ್ ಇನ್ನ ದಾರ್ಯಾಗಿನ ಕಲ್ಮಲಕ್ಕೂ ಬಂದಿರಂಗಿಲ್ಲ. ಅಲ್ಲಿ ನಿಂತು ಏನ್ ಮಾಡ್ತಿ? ಮತ್ತ್ಯಾರರ ಇದ ಬಟನ್ ಒತ್ತಿ ಕುಂತಿರಬಹುದು. ಮೊದಲು ಇದನ್ನ ಸರಿ ಮಾಡು."

ಆ ಮಾತು ಎದೆಗೆ ಬಡಿಯಿತು. ಅಲ್ಲಿಯವರೆಗೆ ನನಗೆ ನಮ್ಮ ಅತ್ತಿಗೆ ಒಬ್ಬಳೇ ಕಂಡಿದ್ದಳು. ಎರಡು ತಿಂಗಳಲ್ಲಿ ಎಷ್ಟು ಮನೆಯವರು ಆ ಚಕ್ರ ನೋಡಿ ಕೈಬಿಟ್ಟಿರಬಹುದು?

ಅಕ್ಕ ಪಕ್ಕದಲ್ಲಿ ಕೂತರು, ನಾನು ಬರೆದೆ. ಮೂರು ಊರಿನ ಪ್ರಶ್ನೆಗಳನ್ನು ಬಿಡಿಬಿಡಿ ಮಾಡಿದೆ. ಯಾವುದು ಬಂತೋ ಅದನ್ನು ಆಗಲೇ ತೋರಿಸುವುದು. ಐದು ಸೆಕೆಂಡಿನಲ್ಲಿ ಬರದಿದ್ದರೆ ಕಾಯುವುದು ಬಿಟ್ಟು, 'ಈ ಊರಿನಿಂದ ಉತ್ತರ ಬಂದಿಲ್ಲ, ಬಳಗಕ್ಕೆ ಫೋನ್ ಮಾಡಿ' ಎಂದು ಅಲ್ಲಿನ ನಂಬರು ಕೊಡುವುದು. ಇಪ್ಪತ್ತು ಸಾಲೂ ಇರಲಿಲ್ಲ. ಬಟನ್ ಒತ್ತಿದೆ. ಮಾನ್ವಿಯ ಹೆಸರು ಕಣ್ಣು ಮಿಟುಕಿಸುವುದರೊಳಗೆ ಬಂತು. ಡಬ್ಬಿಯಲ್ಲಿದ್ದ ರೊಟ್ಟಿ ಹಾಗೇ ಇತ್ತು.

ನಾನು ಆಸ್ಪತ್ರೆ ಮುಟ್ಟಿದಾಗ ಅತ್ತಿಗೆಯನ್ನು ಆಗಲೇ ಒಳಗೆ ಕರೆದೊಯ್ದಿದ್ದರು. ಆಂಬ್ಯುಲೆನ್ಸಿನಲ್ಲಿ ಜೊತೆಗೆ ಬಂದಿದ್ದ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮಾನ್ವಿಯ ಹೆಣ್ಣುಮಗಳು ಗಂಡನೊಂದಿಗೆ ಬಂದರು, ಕೊರಳಲ್ಲಿ ಅಳತೆಯ ಟೇಪು ಇನ್ನೂ ಜೋತಾಡುತ್ತಿತ್ತು. ಅವ್ವ ಎದ್ದು ಅವರ ಎರಡೂ ಕೈ ಹಿಡಿದಳು.

"ಬಿಡ್ರಿ ಯವ್ವಾ, ಇದೇನ್ ದೊಡ್ಡ ಮಾತು? ನನ್ನ ಹೆರಿಗಿಗೂ ಯಾರೋ ಬಂದಿದ್ರು" ಅಂದರು ಅವರು.

ಅವರ ರಕ್ತದ ಪರೀಕ್ಷೆ ಮುಗಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಇದ್ದ ಒಂದು ಬಾಟಲಿ ಏರಿಸಿ ಆಪರೇಷನ್ ಶುರು ಮಾಡಿದ್ದರು. ಅವರು ಕೊಟ್ಟದ್ದು ಸಂಜೆ ಅತ್ತಿಗೆಗೆ ಏರಿತು. ಅದಕ್ಕೂ ಮೊದಲೇ ನರ್ಸಮ್ಮ ಬಾಗಿಲು ತೆಗೆದು, "ಹೆಣ್ಣು ಕೂಸು, ಇಬ್ಬರೂ ಆರಾಮ ಅದಾರ" ಎಂದು ಹೇಳಿ ಹೋಗಿದ್ದಳು. ಅಣ್ಣ ಅಲ್ಲೇ ನೆಲದ ಮೇಲೆ ಕುಸಿದು ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನಾನು ಅವನ ಪಕ್ಕ ಕೂತೆ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಅವನು, "ಹಸಿವಾಗ್ಯಾದ" ಅಂದ. ಅವತ್ತಿನ ಮಾತುಗಳಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟದ್ದು ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಬಳಗ ನಡೆಸುವ ಹಿರಿಯರಿಗೆ ಫೋನ್ ಮಾಡಿ ನನ್ನ ತಪ್ಪನ್ನೆಲ್ಲ ಹೇಳಿದೆ. ಹಿಂದೆ ಯಾರಿಗಾದರೂ ತೊಂದರೆ ಆಗಿತ್ತೇ ಎಂದೂ ಕೇಳಿದೆ.

ಅವರು ನಕ್ಕರು. "ಯವ್ವಾ, ನಮ್ಮ ಮಂದಿ ಪುಟ ಬರಲಿಲ್ಲಂದ್ರ ಸುಮ್ಮನ ಕುಂದ್ರತಾರೇನು? ನೇರ ನನಗ ಫೋನ್ ಹಚ್ತಾರ. ಎರಡು ಸಲ ಹಂಗ ಆಗಿತ್ತು, ಎರಡೂ ಸಲ ನಾನೇ ದಾನಿ ಹುಡುಕಿಕೊಟ್ಟೆ. ನೀ ಕೂಸಿನ ಮಾರಿ ನೋಡು ಹೋಗು."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ವಾರ್ಡಿಗೆ ಹೋದೆ. ಅತ್ತಿಗೆ ಎಚ್ಚರವಾಗಿ ಗಂಜಿ ಕುಡಿಯುತ್ತಿದ್ದಳು, ಸಪ್ಪೆಯಾಗಿದೆ ಎಂದು ಅವ್ವನ ಮೇಲೆ ಸಿಡುಕುತ್ತಿದ್ದಳು.