ಕೊನೆಯ ಪಂಕ್ತಿ

ರಂಗಂಪೇಟೆಯ ನಮ್ಮ ಓಣಿಯಲ್ಲಿದ್ದ ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು ಯಾವ ಮದುವೆಯಲ್ಲೂ ಮೊದಲ ಪಂಕ್ತಿಗೆ ಕೂತವರಲ್ಲ. ಕೈ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡುತ್ತ, "ಎಲ್ಲಾರದೂ ಊಟ ಆತೇನ್ರಿ?" ಎಂದು ಕೇಳುತ್ತಿದ್ದರು. ತಮ್ಮ ಕೈಕೆಳಗಿನವರು ಉಂಡ ಮೇಲೆಯೇ ತಾವು ಉಣ್ಣುವುದು ಅವರ ಫೌಜಿನ ರೂಢಿ. ನಮಗದು ಅತಿಯೆನಿಸಿ, ಮರೆಯಲ್ಲಿ ನಗುತ್ತಿದ್ದೆವು.

ಒಂದು ಮದುವೆಗೆ ಕೆಂಭಾವಿಯಿಂದ ಒಬ್ಬ ಮುದುಕಿ ಬಂದಿದ್ದಳು. ಆಕೆಯ ಮಗ ಹವಾಲ್ದಾರರ ತುಕಡಿಯಲ್ಲಿದ್ದ. ಇವರೇ ಗಸ್ತಿಗೆ ಕಳಿಸಿದ್ದರು, ಹೆಣವಾಗಿ ಬಂದ. ಅಂದು ಕೊನೆಯ ಪಂಕ್ತಿ ಎದ್ದರೂ ಹವಾಲ್ದಾರರು ನಿಂತೇ ಇದ್ದರು. ಮುದುಕಿ ತಾನೇ ತಾಟಿಗೆ ಬಡಿಸಿ ತಂದಳು.

"ಕುಂದರ್ರಿ ಸಾಹೇಬ್ರ, ಉಣ್ರಿ. ಅಂವ ಇನ್ನ ಬರಂಗಿಲ್ಲ."

ಅವರು ಕೂತು ಅನ್ನ ಕಲಸಿದರು. ತುತ್ತೆತ್ತುವ ಮೊದಲು ಕೇಳಿದರು: "ನಿಮ್ದು ಊಟ ಆತೇನ್ರಿ ಅವ್ವಾ?"

ಆಕೆ ಇಲ್ಲವೆಂದು ತಲೆಯಾಡಿಸಿದಳು.

ಹವಾಲ್ದಾರರು ತಾಟನ್ನು ಆಕೆಯ ಕಡೆ ಸರಿಸಿ, ಮತ್ತೆ ಎದ್ದು ನಿಂತರು.