ಸಿಂಹದ ಹಣೆಯ ಕುಂಕುಮ

ಅಮೆರಿಕದ ಸಿಯಾಟಲ್ ಬಳಿ, ಬಾಥೆಲ್‌ನ ನಮ್ಮ ಮನೆಗೆ ಅತ್ತೆ ಮೈಸೂರಿನಿಂದ ಬಂದಿದ್ದ ಬೇಸಿಗೆ ಅದು, 2014ರದ್ದು. ಪಕ್ಕದ ಊರು ಲಿನ್‌ವುಡ್‌ನಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಅಂಗಳದಲ್ಲಿ ಹಳೇ ಸಾಮಾನು ಮಾರುತ್ತಿದ್ದರು. ನಾನು ಅಲ್ಲಿಂದ ಚಿತ್ರವೊಂದನ್ನು ತಂದೆ. ಗಡ್ಡದ ಕ್ರೈಸ್ತ ಸಂತರೊಬ್ಬರು ಮೇಜಿನ ಮುಂದೆ ಕೂತು ಬರೆಯುತ್ತಿದ್ದಾರೆ, ಕಾಲ ಬಳಿ ಸಿಂಹ ಮಲಗಿದೆ. ಹಿಂದಿನ ಕಾಲದಲ್ಲಿ ತಾಮ್ರದ ತಗಡಿನ ಮೇಲೆ ಗೀರಿ ಅಚ್ಚು ಹಾಕುತ್ತಿದ್ದ ಬಗೆಯದು. ಐನೂರು ವರ್ಷ ಹಳೆಯದಿರಬಹುದೆಂದು ನನಗೆ ಭಾರೀ ಆಸೆ. ಕಾರಿನಲ್ಲಿ ತರುವಾಗಲೇ ಅದರ ಗಾಜು ಒಡೆಯಿತು.

"ಯಾವ ಮಠದ ಸ್ವಾಮಿಗಳು?" ಎಂದರು ಅತ್ತೆ.

"ನಮ್ಮೋರಲ್ಲ ಅತ್ತೆ, ಇಟಲಿ ಕಡೆಯೋರು."

"ಯಾರಾದ್ರೇನು, ಸಿಂಹ ಎಷ್ಟು ಸಾಧುವಾಗಿದೆ ನೋಡು."

ಮುಂದಿನ ವಾರ ಅದನ್ನು ಸಿಯಾಟಲ್‌ನ ಹಳೇ ಚಿತ್ರಗಳ ಅಂಗಡಿಗೆ ಒಯ್ದೆವು. ಅಲ್ಲಿನ ವೃದ್ಧರು ಭೂತಗನ್ನಡಿ ಹಿಡಿದು ನೋಡುತ್ತ ನೋಡುತ್ತ ಉಸಿರು ಬಿಗಿಹಿಡಿದರು. ಸಿಂಹದ ಹಣೆಯ ಮೇಲೆ ಕೆಂಪು ಗುರುತು! ಹಿಂದೆ ಚಿತ್ರ ಸಂಗ್ರಹಿಸುತ್ತಿದ್ದ ಸಿರಿವಂತರು ತಮ್ಮ ಮುದ್ರೆ ಒತ್ತುತ್ತಿದ್ದರಂತೆ. ಇಂಥ ಮುದ್ರೆಯನ್ನು ತಾವು ಕಂಡೇ ಇಲ್ಲವೆಂದು ಇಟ್ಟಿಗೆಯಂಥ ಪುಸ್ತಕ ತೆರೆದು ಹುಡುಕತೊಡಗಿದರು. ನನಗೆ ಅರ್ಥವಾಯಿತು. ನಾಚಿಕೆಯಿಂದ ಅತ್ತೆಯ ಕಡೆ ತಿರುಗಿದೆ.

"ಏನು ಹುಡುಕ್ತಿದಾರೆ?" ಎಂದು ಅತ್ತೆ ಪಿಸುಗುಟ್ಟಿದರು.

"ನಿಮ್ಮ ಕುಂಕುಮದ ಯಜಮಾನರನ್ನ!"

ಅತ್ತೆ ಕೂಡಲೇ ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದು, ಮೇಜಿನ ಮೇಲಿದ್ದ ಬಿಳಿ ಕಾಗದಕ್ಕೆ ಒಂದು ಬೊಟ್ಟು ಇಟ್ಟರು. ವೃದ್ಧರು ಎರಡನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ನೋಡಿ, ಯಾಕೆ ಇಟ್ಟಿರಿ ಎಂದು ಮೆಲ್ಲಗೆ ಕೇಳಿದರು.

"ಲಯನ್," ಎಂದರು ಅತ್ತೆ, ತಮಗೆ ಬರುವ ಇಂಗ್ಲಿಷಿನಲ್ಲಿ. "ಗಾಡೆಸ್ ವೆಹಿಕಲ್."

ವೃದ್ಧರು ತಿರುಗಿ, ಹೊರಗೆ ನಿಲ್ಲಿಸಿದ್ದ ನಮ್ಮ ಕಾರನ್ನು ಗೌರವದಿಂದ ನೋಡಿದರು.

ದುರ್ಗೆ, ಅವಳ ವಾಹನ, ಶುಕ್ರವಾರದ ಪೂಜೆ ಎಲ್ಲವನ್ನೂ ನಾನು ವಿವರಿಸಿದೆ. ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಚಿತ್ರದ ಹಾಳೆಯನ್ನು ಬೆಳಕಿಗೆ ಹಿಡಿದು, ಇದು ಯಂತ್ರದಲ್ಲಿ ತಯಾರಾದ ಕಾಗದ, ಯಾವುದೋ ಪುಸ್ತಕಕ್ಕಾಗಿ ಬಹಳ ಈಚೆಗೆ ಮಾಡಿದ ನಕಲು ಎಂದರು. ನನ್ನ ಮುಖ ಬಾಡಿತು. ಅತ್ತೆಗೆ ಮಾತ್ರ ಏನೂ ಅನ್ನಿಸಲಿಲ್ಲ.

ಹೊಸ ಗಾಜು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆವು. ಪಕ್ಕದ ಮನೆಯ ತೆಲುಗಿನ ಹೆಂಗಸು ಬಂದು ನಿಂತು ನೋಡಿದಾಗ ಅತ್ತೆಯೇ ಪರಿಚಯ ಮಾಡಿಕೊಟ್ಟರು:

"ಒರಿಜಿನಲ್ ಅಲ್ಲಮ್ಮ. ಆದ್ರೆ ಪವರ್ ಇದೆ."